ಗುಡ್ಡಕ್ಕೆ ಹೊರಟವರ ಉಡಿ

ನನ್ನ ಹೆಂಡತಿ ನನ್ನ ಸೈಕಲ್ ಹತ್ತಿ, ನಾನು ಹೇಳಿದ ಗುಡ್ಡಕ್ಕೆ, ನನ್ನನ್ನೇ ಬಿಟ್ಟು ಹೋಗುವ ಯೋಜನೆಯನ್ನು ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆಯೇ ಹಾಕಿದಳು. ಆ ಟೇಬಲ್ಲಿಗೆ ಇರುವುದು ನಾಲ್ಕೇ ಕುರ್ಚಿ. ನಾಲ್ಕರಲ್ಲೂ ಹೆಂಗಸರು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ನನಗೆ ಹೊಟ್ಟೆಕಿಚ್ಚಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಕಡೆ ಗಂಡಸರು ಈ ಶಬ್ದವನ್ನು ತಮ್ಮ ಬಗ್ಗೆ ಬಳಸುವುದಿಲ್ಲ, ಕಾಳಜಿ ಎನ್ನುತ್ತಾರೆ. ನಾನೂ ಆ ದಿನಗಳಲ್ಲಿ ಯಾರು ಕೇಳಿದರೂ ಕಾಳಜಿ ಎಂದೇ ಹೇಳುತ್ತಿದ್ದೆ.

ಆ ನಾಲ್ವರಲ್ಲಿ ಮುಂದಾಳು ಒಬ್ಬ ಹಲ್ಲಿನ ಡಾಕ್ಟರ್. ಬೆಳಗಾವಿಯ ರಾಮತೀರ್ಥ ನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಅವರ ದವಾಖಾನೆ. ಇನ್ನಿಬ್ಬರು ಒಂದೇ ಶಾಲೆಯ ಶಿಕ್ಷಕಿಯರು, ಒಬ್ಬರು ಗಣಿತ ಕಲಿಸುತ್ತಾರೆ, ಇನ್ನೊಬ್ಬರು ಮರಾಠಿ. ಒಬ್ಬರು ಶುರು ಮಾಡಿದ ಮಾತನ್ನು ಇನ್ನೊಬ್ಬರು ಮುಗಿಸುತ್ತಾರೆ. ನಾಲ್ಕನೆಯವಳು ನನ್ನ ಹೆಂಡತಿ. ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಅರ್ಧ ಬಡಾವಣೆಯ ಬ್ಲೌಸುಗಳನ್ನು ಹೊಲಿಯುವವಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಹೀಗೆ ಟೇಬಲ್ ಬಡಿದು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಹಲ್ಲಿನ ಡಾಕ್ಟರು ಏನೋ ಅಂದರು, ಇವಳು ಟೇಬಲ್ ಬಡಿದು ನಕ್ಕಳು. ಏನೆಂದು ಕೇಳಿದರೆ, "ನಿಮಗ ತಿಳಿಯಂಗಿಲ್ಲ ಬಿಡ್ರಿ, ಗೇರಿಂದು," ಎಂದಳು.

ಗೇರಿನ ಬಗ್ಗೆ ನನಗೆ ತಿಳಿಯುವುದಿಲ್ಲವಂತೆ. ಆ ಸೈಕಲ್ ತಂದವನೇ ನಾನು.

ಅದರ ಹಿಂದಿನ ಕತೆ ಇಷ್ಟು. ನನ್ನದು ವಿದ್ಯುತ್ ಕಚೇರಿಯ ನೌಕರಿ. ಶುರುವಿನ ಕೆಲವು ವರ್ಷ ನನ್ನನ್ನು ಜಾಂಬೋಟಿ ಕಡೆ ಹಾಕಿದ್ದರು. ಆ ಸೀಮೆಯಲ್ಲಿ ಮಳೆಗಾಲವೆಂದರೆ ತಂತಿಯ ಮೇಲೆ ಮರ ಬೀಳದ ದಿನವಿಲ್ಲ. ಲೈನ್‌ಮನ್‌ಗಳ ಹಿಂದೆ ಕಂಬದಿಂದ ಕಂಬಕ್ಕೆ ನಡೆದು ಅಲ್ಲಿನ ಏರುತಗ್ಗೆಲ್ಲ ನನ್ನ ಕಾಲಿಗೆ ಗೊತ್ತಾಗಿತ್ತು. ಒಂದು ಸಲ, ಮಳೆ ನಿಂತು ಭತ್ತ ಹಳದಿಗೆ ತಿರುಗುವ ಹೊತ್ತಿನಲ್ಲಿ, ಗದ್ದೆ ದಾಟಿ ಕಾಡು ಹತ್ತಿ ಮೇಲೆ ಬಂದರೆ ದೊಡ್ಡದೊಂದು ಬಯಲು. ಕಪ್ಪು ಕಲ್ಲಿನ ಹಾಸು, ಮೊಣಕಾಲುದ್ದ ಹುಲ್ಲು, ಕೂಗಳತೆಯಲ್ಲಿ ಒಬ್ಬ ರೈತರ ಮನೆ. ಪಡುವಣ ಅಂಚಿಗೆ ಹೋಗಿ ನಿಂತರೆ ಕೆಳಗೆ ಗೋವಾ ತನಕ ಕಾಡೇ ಕಾಡು. ಇಲ್ಲಿ ಒಂದು ರಾತ್ರಿ ಮಲಗಬೇಕು ಎಂದು ಆಗಲೇ ಅಂದುಕೊಂಡೆ. ಆಮೇಲೆ ಬೆಳಗಾವಿಗೆ ವರ್ಗವಾಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಆ ಬಯಲಿನ ಮಾತನ್ನು ಮಾತ್ರ ಬಿಡಲಿಲ್ಲ. ಚಹಾ ಕುಡಿಯುವಾಗ, ಬಸ್ಸಿಗೆ ಕಾಯುವಾಗ, ಕರೆಂಟು ಹೋದಾಗ, ಹೆಂಡತಿಯ ಮುಂದೆ ಎಷ್ಟು ಸಲ ವರ್ಣಿಸಿದ್ದೇನೋ ಲೆಕ್ಕವಿಲ್ಲ. ಅವಳು ಗುಂಡಿ ಹಚ್ಚುತ್ತ "ಹೂಂ, ಹೂಂ" ಎನ್ನುತ್ತಿದ್ದಳು. ಕೇಳಿಸಿಕೊಳ್ಳುತ್ತಿಲ್ಲ ಎಂದು ನಾನು ತಿಳಿದಿದ್ದೆ.

ಮಗಳು ಓದಲು ಹುಬ್ಬಳ್ಳಿಯ ಹಾಸ್ಟೆಲ್ ಸೇರಿದ ಮೇಲೆ, ಇನ್ನು ತಡಮಾಡಬಾರದೆಂದು ಗುಡ್ಡ ಹತ್ತುವ ಸೈಕಲ್ ತಂದೆ. ದಪ್ಪ ಟೈರು, ಮುಂದೆ ಸ್ಪ್ರಿಂಗು, ಹಸಿರು ಬಣ್ಣ. ಹ್ಯಾಂಡಲ್ಲಿಗೆ ಹೂ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಓಣಿಯವರಿಗೆಲ್ಲ ಪೇಢೆ ಹಂಚಿದೆ. ಮಳೆಗಾಲಕ್ಕೆ ಮುಂಚೆ ನಾಲ್ಕಾರು ಭಾನುವಾರ ಏರು ಹೊಡೆದಿದ್ದೇ ಬಂತು, ಬಲಮೊಣಕಾಲು ಬಾತಿತು. ಎಲುಬಿನ ಡಾಕ್ಟರು ಫೋಟೋ ತೆಗೆಸಿ, ಒಳಗಿನ ಮೆತ್ತೆ ಸವೆದಿದೆ, ಇನ್ನು ಏರು ಹತ್ತುವ ಮಾತು ಬೇಡ ಎಂದರು. ಸೈಕಲ್ ಬಾಲ್ಕನಿ ಸೇರಿತು. ಅದರ ಹ್ಯಾಂಡಲ್ಲಿನ ಮೇಲೆ ಟಾವೆಲ್ ಒಣಗುತ್ತಿದ್ದವು.

ಒಂದು ದಿನ ಅವಳು ಕೇಳಿದಳು, "ಏನ್ರೀ, ಅದು ಸುಮ್ಮ ನಿಂತೈತಿ. ನಾ ಒಂದ ರೌಂಡ್ ಹೊಡಕೊಂಡ ಬರಲ್ಯಾ?"

"ನಿನಗ ಬರತೈತೇನು?" ಎಂದೆ.

ಬರುತ್ತಿತ್ತು. ಖಾನಾಪುರದಲ್ಲಿ ಸಾಲಿಗೆ ಹೋಗುವಾಗ ಅಪ್ಪನ ದೊಡ್ಡ ಸೈಕಲ್ಲನ್ನು ನಡುವಿನ ಪೈಪಿನ ಕೆಳಗೆ ಕಾಲು ತೂರಿಸಿ ತುಳಿದವಳು ಅವಳು. ಈ ಸಂಗತಿ ನನಗೆ ಗೊತ್ತಾದದ್ದು ಅಂದೇ. ಮೊದಲ ವಾರ ಬಡಾವಣೆಯ ಸುತ್ತ, ಮುಂದಿನ ವಾರ ಊರ ಹೊರಗೆ, ಆಮೇಲೆ ಹಲ್ಲಿನ ಡಾಕ್ಟರ ಗುಂಪಿನ ಜೊತೆ ಏರು ರಸ್ತೆಗಳಿಗೆ. ನಾನು ಕಚೇರಿಯಿಂದ ಬಂದು ನೋಡಿದರೆ ಸೀಟು ಕೆಳಗಿಳಿದಿತ್ತು.

"ಸೀಟ ಇಳಿಸೀ ಏನು?"

"ಹೂಂರಿ. ನನಗ ಎತ್ತರ ಆಗತಿತ್ತು."

ಸರಿಯಾದ ಮಾತೇ. ಆದರೆ ಸೀಟು ಇಳಿಸಿದ ಮೇಲೆ ಅದು ನನ್ನ ಸೈಕಲ್ ಅಲ್ಲ ಎಂದು ಯಾರೂ ಹೇಳಬೇಕಿರಲಿಲ್ಲ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಸ್ಥಿತಿ. ಓಣಿಯವರು ಎದುರಿಗೆ ಸಿಕ್ಕರೆ, "ಸರ್, ಮೇಡಂ ಭಾರೀ ಫಿಟ್ ಆಗ್ಯಾರ ಬಿಡ್ರಿ," ಎನ್ನುತ್ತಿದ್ದರು. ನನ್ನ ಹೊಟ್ಟೆಯ ಕಡೆ ನೋಡುತ್ತ ಹೇಳುತ್ತಿದ್ದರೆಂದು ನನಗೆ ಅನಿಸುತ್ತಿತ್ತು.

ಇಷ್ಟಾದರೂ ತಡೆದುಕೊಂಡಿದ್ದೆ. ತಡೆಯಲಾಗದಿದ್ದು ಗುಡ್ಡದ ವಿಷಯ. ಮಳೆ ನಿಂತ ಮೇಲೆ ಒಂದು ರಾತ್ರಿ ಎಲ್ಲಾದರೂ ಟೆಂಟು ಹಾಕಿ ಮಲಗಿ ಬರೋಣವೆಂದು ಆ ನಾಲ್ವರು ಮಾತಾಡಿಕೊಂಡರು. ಎಲ್ಲಿ ಎಂಬ ಪ್ರಶ್ನೆ ಬಂತು. ಡಾಕ್ಟರು ಒಂದು ಜಾಗ ಹೇಳಿದರು, ಶಿಕ್ಷಕಿಯರು ಒಂದು. ಆಗ ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತ, "ಜಾಂಬೋಟಿ ದಾಟಿ ಮ್ಯಾಲ ಒಂದ ಬಯಲ ಐತ್ರಿ. ಕರಿ ಕಲ್ಲಿನ ಹಾಸು. ಮೊಣಕಾಲಿನಷ್ಟ ಹುಲ್ಲು. ಅಂಚಿಗೆ ನಿಂತ್ರ ಗೋವಾತನ ಕಾಡು," ಎಂದಳು. ನನ್ನ ಮಾತುಗಳು. ಅದೇ ಕ್ರಮದಲ್ಲಿ. ಮೂವರೂ ಬಾಯಿ ತೆರೆದು ಕೇಳಿದರು. "ನಿಮಗ ಹೆಂಗ ಗೊತ್ತರೀ?" ಎಂದು ಡಾಕ್ಟರು ಕೇಳಿದ್ದಕ್ಕೆ, "ನಮ್ಮ ಖಾನಾಪುರ ತಾಲೂಕಲ್ರಿ," ಎಂದುಬಿಟ್ಟಳು. ಬಾಗಿಲಿಗೆ ಒರಗಿದ್ದ ನಾನು ಕೆಮ್ಮಿದೆ. ಅವಳು ನೀರು ತಂದುಕೊಟ್ಟಳು.

ಆ ಬಯಲಿನ ರೈತರ ನಂಬರು ನನ್ನ ಬಳಿ ಇನ್ನೂ ಇತ್ತು. ಅರಣ್ಯದವರ ಜಾಗದಲ್ಲಿ ಹೇಳದೆ ಕೇಳದೆ ಮಲಗುವಂತಿಲ್ಲ, ಅಲ್ಲಿ ಕರಡಿಯೂ ತಿರುಗುತ್ತದೆ. ರೈತರ ಸ್ವಂತ ಜಮೀನು, ಅವರ ಮನೆಯ ಬಾಜು, ಹಾಗಾದರೆ ಅಡ್ಡಿಯಿಲ್ಲ. ನಾನೇ ಫೋನ್ ಮಾಡಿ ಮರಾಠಿಯಲ್ಲಿ ಮಾತಾಡಿ ಒಪ್ಪಿಸಿದೆ. ಹಾಗೆ ಮಾಡಿದರೆ, "ನೀವೂ ಬರ್ರೆಲಾ," ಎಂದು ಯಾರಾದರೂ ಅನ್ನುತ್ತಾರೆಂದು ನನ್ನ ಎಣಿಕೆ. ನಾಲ್ವರೂ ಥ್ಯಾಂಕ್ಸ್ ಹೇಳಿದರು.

ಆಮೇಲೆ ರವಿವಾರ ಪೇಟೆ. ಸೈಕಲ್ಲಿಗೆ ಎರಡೂ ಕಡೆ ತೂಗುವ ಚೀಲಗಳನ್ನು ನನ್ನ ಹೆಂಡತಿ ತಾನೇ ಹೊಲಿಯುತ್ತೇನೆಂದಳು. ಮಳೆನೀರು ತಡೆಯುವ ತಾಡಪತ್ರಿಯ ಬಟ್ಟೆ ಬೇಕಿತ್ತು. ಸಗಟು ಅಂಗಡಿಗಳ ಗದ್ದಲದಲ್ಲಿ ಇವರಿಗೇನು ಚೌಕಾಶಿ ಬರುತ್ತದೆ ಎಂದು ನಾನೂ ಹೋದೆ. ಅಂಗಡಿಯವರು ನನ್ನನ್ನು ಒಂದು ಸಲ ನೋಡಿ, ಆಮೇಲೆ ಪೂರ್ತಿ ಅವಳ ಜೊತೆಗೇ ಮಾತಾಡಿದರು. ಅವಳು ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ, ನೇಯ್ಗೆ ನೋಡಿ, "ಇದ ಒಂದ ಮಳೀಗೆ ಬಿಡತೈತ್ರಿ, ಒಳಗಿಂದ ತೆಗೀರಿ," ಎಂದಳು. ಅವರು ಒಳಗಿನದು ತೆಗೆದರು. ನಾನು ಆ ಭಾರದ ಸುರುಳಿ ಹಿಡಿದು ನಿಂತಿದ್ದೆ. ಹೊರಗೆ ಬಂದ ಮೇಲೆ, "ನಾ ಬಂದಿದ್ದಕ್ಕ ಛಲೋ ಆತಲ್ಲ?" ಎಂದು ಕೇಳಿದೆ. "ಹೌದ್ರಿ, ಸುರುಳಿ ಭಾಳ ಒಜ್ಜಿ ಇತ್ತು," ಎಂದಳು.

ಹೊರಡುವ ದಿನ ಹತ್ತಿರವಾದಂತೆ ಅವರಿಗೆ ಭಾರದ ಹುಚ್ಚು ಹಿಡಿಯಿತು. ಎಲ್ಲವನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗುವುದು. ಸಾಬೂನನ್ನು ಚಾಕುವಿನಿಂದ ನಾಲ್ಕು ಹೋಳು ಮಾಡಿದರು. ನಾಲ್ವರಿಗೆ ಒಂದೇ ಬಾಚಣಿಕೆ. ಗಣಿತದವರು ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನು ಅರ್ಧಕ್ಕೆ ಕತ್ತರಿಸಿಕೊಂಡು ಬಂದಾಗ ಹಲ್ಲಿನ ಡಾಕ್ಟರು ಚಪ್ಪಾಳೆ ತಟ್ಟಿದರು. ಬುತ್ತಿಗೆ ಒಣಗಿಸಿದ ಕಟಿರೊಟ್ಟಿ, ಶೇಂಗಾ ಚಟ್ನಿ, ಅಷ್ಟೇ. ಮೊಸರು ಬೇಡ, ಭಾರ. ನಮ್ಮ ಮಂದಿ ಮೊಸರಿಲ್ಲದೆ ಊರು ಬಿಟ್ಟಿದ್ದನ್ನು ನಾನು ಮೊದಲ ಸಲ ನೋಡಿದೆ.

ಇದೇ ಸಮಯವೆಂದು ನಾನು ಬಾಗಿಲು ಬಿಟ್ಟು ಮುಂದೆ ಬಂದೆ. "ಇಷ್ಟ ತ್ರಾಸ ಯಾಕ್ರೀ? ನಮ್ಮ ಕಾರ್ ಐತಿ. ಟೆಂಟು, ಹಾಸಿಗಿ, ಒಲಿ ಎಲ್ಲಾ ಅದರಾಗ ಹಾಕ್ರಿ. ನಾ ಹಿಂದ ಹಿಂದ ಬರ್ತೇನಿ. ನಿಮ್ಮ ತಂಟೆಕ್ಕ ಬರಂಗಿಲ್ಲ."

ಡಾಕ್ಟರು ಬಹಳ ಮರ್ಯಾದೆಯಿಂದ ಹೇಳಿದರು, "ಸರ್, ಬೆನ್ನಿಂದ ಗಾಡಿ ಬಂದ್ರ ಅದು ಪಿಕ್ನಿಕ್ ಆಕ್ಕೈತ್ರಿ. ನಮ್ಮದು ನಾವ ಹೊತ್ಕೊಂಡ ಹೋಗೂಣು ಅಂತ ಮೊದಲನ ಠರಾವು ಮಾಡೇವಿ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಚೀಲಕ್ಕೆ ಪಟ್ಟಿ ಹೊಲಿಯುತ್ತಿದ್ದಳು. ಮಷಿನ್ ನಿಲ್ಲಿಸಲಿಲ್ಲ. ನಾನು ಅವಳಿಂದ ಕೇಳಬೇಕೆಂದಿದ್ದು ಒಂದೇ ಮಾತು, ನೀವೂ ಬರ್ರಿ ಎಂದು. ಅದಕ್ಕೆ ಖರ್ಚಿಲ್ಲ, ಭಾರವೂ ಇಲ್ಲ.

ಉಳಿದದ್ದು ದಾರಿ. ಬೆಳಗಾವಿಯಿಂದ ಜಾಂಬೋಟಿಗೆ ನೇರ ರಸ್ತೆ ಇದೆ, ಆದರೆ ಅದರಲ್ಲಿ ಗೋವಾದ ವಾಹನಗಳ ಓಡಾಟ ಹೆಚ್ಚು. ಆದ್ದರಿಂದ ಸುತ್ತಾದರೂ ಖಾನಾಪುರದ ಮೇಲೆ ಹೋಗುವುದೆಂದು ಮಾಡಿದರು. ಖಾನಾಪುರದಲ್ಲಿ ನನ್ನ ಹೆಂಡತಿಯ ತವರುಮನೆ ರಸ್ತೆಗೇ ಮುಖ ಮಾಡಿಕೊಂಡಿದೆ. ಅಲ್ಲಿ ಅವಳ ಅಣ್ಣ, ಅಣ್ಣನ ಹೆಂಡತಿ ಇರುತ್ತಾರೆ. "ಅವರಿಗೆ ಹೇಳಂಗಿಲ್ಲ," ಎಂದು ನನ್ನ ಹೆಂಡತಿ ಗೆಳತಿಯರಿಗೆ ಹೇಳಿದಳು. "ಮುಂಜಾನೆ ಸುಮ್ಮ ದಾಟಿಬಿಡೂಣು. ಒಮ್ಮೆ ನಿಂತ್ರ ಮುಗೀತು, ಊಟ ಮಾಡಿಸದ ಬಿಡಂಗಿಲ್ಲ." ತವರುಮನೆಯ ಮುಂದೆ ಕಳ್ಳರ ಹಾಗೆ ದಾಟುವ ಯೋಜನೆ ಮಾಡಿದ ಹೆಣ್ಣುಮಗಳನ್ನು ನಾನು ಕಂಡಿದ್ದು ಅದೇ ಮೊದಲು.

ಮರುದಿನ ಕಚೇರಿಯಿಂದ ಅವಳ ಅಣ್ಣನಿಗೆ ಫೋನ್ ಹಚ್ಚಿದೆ. ಇಟ್ಟಂಗಿ ವ್ಯಾಪಾರದ ಮನುಷ್ಯ, ಮಾತು ಕಮ್ಮಿ. ಮನೆಯ ಹೆಣ್ಣುಮಕ್ಕಳು ಹೊತ್ತು ಮುಳುಗಿದ ಮೇಲೆ ಬಸ್ ಸ್ಟ್ಯಾಂಡಿಗೆ ಹೋದರೂ ಹುಬ್ಬು ಗಂಟಿಕ್ಕುವವರು.

"ನಿಮ್ಮ ತಂಗಿ ಶನಿವಾರ ಜಾಂಬೋಟಿ ಗುಡ್ಡದಾಗ ಬಯಲಿನ್ಯಾಗ ಮಲಗಾಕ ಹೊಂಟಾಳ್ರಿ," ಎಂದೆ. "ಸೈಕಲ್ ಮ್ಯಾಲ. ನನಗ ಕಾಳಜಿ ಆಗೇತಿ."

"ಯಾರ್ಯಾರು?"

"ಅಕಿ, ಮತ್ತ ಮೂರ ಮಂದಿ ಹೆಣ್ಮಕ್ಕಳು. ಗಂಡಸರು ಯಾರೂ ಇಲ್ರಿ."

"ಯಾವ ದಾರಿಲೆ?"

"ನಿಮ್ಮ ಮನಿ ಮುಂದನ."

"ಆತು ಬಿಡ್ರಿ," ಎಂದು ಫೋನ್ ಇಟ್ಟರು.

ಅವರು 'ಆತು ಬಿಡ್ರಿ' ಎಂದರೆ ಕೆಲಸ ಮುಗಿದಂತೆ. ಈಗ ತಂಗಿಗೆ ಫೋನ್ ಬರುತ್ತದೆ, ಬೈಗುಳ ಬೀಳುತ್ತದೆ, ಇವಳು ಅಳುತ್ತಾಳೆ, ಆಗ ನಾನು ನಡುವೆ ಬಂದು, ಹೋಗಲಿ ಬಿಡಿ, ಜೊತೆಗೆ ನಾನಿರುತ್ತೇನೆ ಎಂದು ಒಪ್ಪಿಸುತ್ತೇನೆ. ಇಷ್ಟನ್ನು ಅಚ್ಚುಕಟ್ಟಾಗಿ ಮನಸ್ಸಿನಲ್ಲಿ ಜೋಡಿಸಿಕೊಂಡು ಕೂತೆ. ಫೋನ್ ಬರಲಿಲ್ಲ. ಮರುದಿನವೂ ಬರಲಿಲ್ಲ. ಶುಕ್ರವಾರ ಅವಳು ಹಾಡು ಗುನುಗುತ್ತ ರೊಟ್ಟಿ ಬಡಿದಳು.

ಶನಿವಾರ ನಸುಕಿನಲ್ಲಿ ನಾನೇ ಸೈಕಲ್ಲನ್ನು ಕೆಳಗಿಳಿಸಿದೆ. ಪಂಪು ತಂದೆ. "ಬ್ಯಾಡ್ರಿ, ನಿನ್ನೇನ ಗಾಳಿ ಹಾಕೇನಿ," ಎಂದಳು. ಎಣ್ಣೆ ತಂದೆ. ಸರಪಳಿಗೆ ಎಣ್ಣೆಯೂ ಆಗಿತ್ತು. ಬೀದಿದೀಪದ ಕೆಳಗೆ ನಾಲ್ಕು ಸೈಕಲ್ಲು, ನಾಲ್ಕು ಹೆಲ್ಮೆಟ್ಟು, ಅವಳು ಹೊಲಿದ ನೀಲಿ ಚೀಲಗಳು. ಮೂಲೆ ತಿರುಗುವವರೆಗೆ ಅವಳು ಹಿಂದೆ ನೋಡಲಿಲ್ಲ. ಭಾರ ಹೇರಿದ ಸೈಕಲ್ಲಿನ ಮೇಲೆ ಕತ್ತು ತಿರುಗಿಸಿದರೆ ತೂಕ ತಪ್ಪುತ್ತದೆ, ಅದು ನನಗೂ ಗೊತ್ತು. ಆದರೂ ನೋಡಬಹುದಿತ್ತು. ಮೆಟ್ಟಿಲು ಹತ್ತುವಾಗ ಮೊಣಕಾಲು ಕಟಕಟ ಎಂದಿತು, ಅದನ್ನೂ ಬೈದೆ.

ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಫೋನ್ ಬಂತು. ಅವಳೇ.

"ಕಾರ್ ತಗೊಂಡ ಖಾನಾಪುರಕ್ಕ ಬರ್ರಿ."

"ಏನಾತು?"

"ಬರ್ರಿ. ಬಂದಮ್ಯಾಲ ಗೊತ್ತಾಕ್ಕೈತಿ. ಅಣ್ಣನ ಮನ್ಯಾಗ ಅದೇವಿ."

ನನಗೆ ಎಷ್ಟು ಖುಷಿಯಾಯಿತೆಂದು ಹೇಳಲು ನಾಚಿಕೆಯಿಲ್ಲ. ಯಾರದೋ ಗಾಲಿ ಡೊಂಕಾಗಿರಬೇಕು, ಇಲ್ಲವೇ ಕಾಲು ಉಳುಕಿರಬೇಕು. ಪೆಟ್ಟಾಗಲಿ ಎಂದು ನಾನು ಬಯಸಲಿಲ್ಲ. ಆಗಿದ್ದರೆ ಗಣಿತದವರಿಗೆ ಆಗಿರಲಿ, ಅದೂ ಸಣ್ಣದು, ಮನೆಗೆ ಮರಳುವಷ್ಟು ಮಾತ್ರ, ಎಂದುಕೊಂಡೆ. ಅಟ್ಟದಿಂದ ಜಮಖಾನೆ ಇಳಿಸಿದೆ. ದಪ್ಪ ಚಾದರ, ತಲೆದಿಂಬು, ಸ್ವೆಟರು, ಮಂಕಿ ಟೋಪಿ, ಎಲ್ಲವನ್ನೂ ಜಮಖಾನೆಯಲ್ಲಿ ಸುತ್ತಿ ಹಗ್ಗ ಬಿಗಿದು ಡಿಕ್ಕಿಯಲ್ಲಿ ಹಾಕಿದೆ. ಮೇಲಿನ ಬಯಲಿನವರೆಗೆ ಜೀಪಿನ ದಾರಿ ಇದೆ, ಕಾರು ಹೇಗಾದರೂ ಹತ್ತುತ್ತದೆ. ಖಾನಾಪುರದ ದಾರಿಯುದ್ದಕ್ಕೂ ಸೀಟಿ ಹೊಡೆಯುತ್ತ ಹೋದೆ.

ಹೋಗಿ ನೋಡಿದರೆ ಯಾರ ಕಾಲೂ ಉಳುಕಿರಲಿಲ್ಲ. ಪಡಸಾಲೆಯಲ್ಲಿ ಸಾಲಾಗಿ ನಾಲ್ಕು ಮಣೆ, ಮಣೆಗಳ ಮೇಲೆ ನಾಲ್ವರು. ಸೈಕಲ್ಲಿನ ಬಿಗಿ ಪ್ಯಾಂಟುಗಳ ಮೇಲೆಯೇ ನಾಲ್ವರಿಗೂ ಸೀರೆ ಸುತ್ತಿತ್ತು. ಹಣೆಯಲ್ಲಿ ಕುಂಕುಮ, ತಲೆಯಲ್ಲಿ ಹೆಲ್ಮೆಟ್ಟಿನ ಗುರುತು, ಮುಡಿಯಲ್ಲಿ ಹೂ. ಮುಂದೆ ಕೂತ ನನ್ನ ಹೆಂಡತಿಯ ವೈನಿ, ಅಂದರೆ ಅಣ್ಣನ ಹೆಂಡತಿ, ಅವರಿಗೆಲ್ಲ ಉಡಿ ತುಂಬಿ ಮುಗಿಸಿದ್ದರು.

ಆದದ್ದು ಇಷ್ಟು. ನಾನು ಫೋನ್ ಮಾಡಿದ ದಿನ ಅಣ್ಣ ಒಳಗೆ ಹೋಗಿ ಹೆಂಡತಿಗೆ, "ತಂಗಿ ಶನಿವಾರ ಬರಾಕತ್ತಾಳ, ಸಂಗಾಟ ಮೂರು ಮಂದಿ," ಎಂದಷ್ಟೇ ಹೇಳಿದರಂತೆ, ಬಯಲಿನಲ್ಲಿ ಮಲಗುವ ಮಾತು ಎತ್ತಲೇ ಇಲ್ಲವಂತೆ. ಶನಿವಾರ ತಾವೇ ನಸುಕಿಗೆ ಎದ್ದು ರಸ್ತೆಯ ನಡುವೆ ಟಾವೆಲ್ ಬೀಸುತ್ತ ನಿಂತಿದ್ದರು. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು ಎಂದು ತಂಗಿಯ ಸೈಕಲ್ಲಿನ ಹ್ಯಾಂಡಲ್ಲು ಹಿಡಿದರಂತೆ. ಹೋಳಿಗೆ ಆಗಿತ್ತು, ಕಟ್ಟಿನ ಸಾರು ಕುದಿಯುತ್ತಿತ್ತು. ಊಟದ ಮಟ್ಟಿಗೆ ನನ್ನ ಹೆಂಡತಿ ಅಂಜಿದ್ದಳು, ಅದನ್ನು ಹೇಗೋ ಉಂಡು ಮುಗಿಸಿದಳು. ಉಡಿ ಅವಳಿಗೂ ನೆನಪಿರಲಿಲ್ಲ. ಸಾಬೂನು ಹೋಳು ಮಾಡಿದವರಿಗೆ, ಬ್ರಷ್ಷು ಕತ್ತರಿಸಿದವರಿಗೆ, ತವರುಮನೆಯ ಹೊಸ್ತಿಲು ತುಳಿದ ಹೆಣ್ಣುಮಗಳು ಬರಿ ಉಡಿಯಲ್ಲಿ ಹೊರಗೆ ಬರುವುದಿಲ್ಲ ಎಂಬುದು ಮರೆತೇಹೋಗಿತ್ತು.

ವೈನಿಯದು ಧಾರಾಳ ಕೈ. ಬೊಗಸೆ ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಅಡಿಕೆ, ಕುಪ್ಪಸದ ಖಣ, ಅದರ ಮೇಲೆ ಒಂದೊಂದು ಇಡೀ ತೆಂಗಿನಕಾಯಿ. ನಾಲ್ವರಿಗೂ ಸಮ. ಮನೆಮಗಳ ಜೊತೆ ಬಂದವರೂ ಮನೆಮಕ್ಕಳೇ ಎಂಬುದು ಅವರ ಲೆಕ್ಕ.

"ವೈನಿ, ಕಾಯಿ ಒಂದ ಬ್ಯಾಡ್ರಿ, ಒಜ್ಜಿ ಆಕ್ಕೈತಿ," ಎಂದರಂತೆ ಹಲ್ಲಿನ ಡಾಕ್ಟರು.

"ಕಾಯಿ ಇಲ್ಲದ್ದು ಎಂಥಾ ಉಡಿರೀ ಡಾಕ್ಟರ್ ಬಾಯಾರ?"

"ಹಂಗಾರ ಇಲ್ಲೇ ಇಡ್ರಿ. ನಾಳೆ ಹಿಂದ ಬರುವಾಗ ಒಯ್ಯತೇವಿ."

ವೈನಿ ಕೈ ನಿಲ್ಲಿಸಿ ಅವರನ್ನು ನೋಡಿದರಂತೆ. "ತುಂಬಿದ ಉಡಿ ತುಂಬಿದ ಮನ್ಯಾಗ ಬಿಟ್ಟ ಹೋಗಬಾರದ್ರಿ. ನಿಮ್ಮ ನಿಮ್ಮ ಮನಿಗೆ ಹೋಗಬೇಕು, ದೇವರ ಮುಂದ ಇಡಬೇಕು, ಆ ಅಕ್ಕಿ ಮನಿ ಮಂದಿ ಉಣಬೇಕು."

ಶಿಕ್ಷಕಿಯರು ತಮ್ಮ ಸೆರಗಿನ ಗಂಟನ್ನು ಎತ್ತಿ ಎತ್ತಿ ನೋಡಿಕೊಳ್ಳುತ್ತಿದ್ದರು. ಉಡಿಯನ್ನು ಬೇರೆಯವರಿಗೆ ಕೊಡುವಂತಿಲ್ಲ, ದಾರಿಯಲ್ಲಿ ಇಳಿಸುವಂತಿಲ್ಲ, ಹೊತ್ತು ಏರು ಹತ್ತುವಂತಿಲ್ಲ. ಇಷ್ಟಕ್ಕೆ ಪರಿಹಾರ ಹುಡುಕಿದವರು ವೈನಿಯೇ. "ನಮ್ಮ ಮನಿ ಅಳಿಯಾರ ಅದಾರಲ್ರಿ. ಅವರ ಕಾರಿನ್ಯಾಗ ಒಯ್ದು ನಾಲ್ಕೂ ಮನಿಗೆ ಮುಟ್ಟಸ್ತಾರ." ಅದಕ್ಕೇ ಫೋನ್ ಬಂದದ್ದು.

ಈಗ ನಾಲ್ವರೂ ನನ್ನ ಕಡೆ ತಿರುಗಿದರು. "ಸರ್, ನಿಮಗ ತ್ರಾಸ," ಎಂದರು ಡಾಕ್ಟರು. ಅಷ್ಟು ದಿನಗಳಲ್ಲಿ ಆ ಗುಂಪಿಗೆ ನಾನು ಬೇಕಾದದ್ದು ಅದೇ ಮೊದಲ ಸಲ. ಏನೂ ತ್ರಾಸಿಲ್ಲ ಎಂದೆ. ಮನಸ್ಸಿನಲ್ಲಿ ಬೇರೆ ಹಂಚಿಕೆ ನಡೆದಿತ್ತು. ಉಡಿಗಳು ಕಾರಿನಲ್ಲಿ ಒಂದು ರಾತ್ರಿ ಇದ್ದರೆ ಯಾವ ದೇವರೂ ಸಿಟ್ಟಾಗುವುದಿಲ್ಲ. ಕಾರು ಹೇಗೂ ಬಂದಿದೆ, ನಾನೂ ಬಂದಿದ್ದೇನೆ. ಅವಳು ಒಂದು ಮಾತು ಅಂದರೆ ಸಾಕು.

ಸೀರೆ ಬಿಚ್ಚಿ, ಉಡಿಗಳನ್ನು ವೈನಿ ಕೊಟ್ಟ ವಸ್ತ್ರಗಳಲ್ಲಿ ಕಟ್ಟಿ, ನಾಲ್ಕು ಗಂಟುಗಳಾದವು. ಹೊರಗೆ ಸೈಕಲ್ ತಿರುಗಿಸುವ ಗಡಿಬಿಡಿ ನಡೆದಿತ್ತು. ನನ್ನ ಹೆಂಡತಿ ಎರಡು ಗಂಟು ಎತ್ತಿಕೊಂಡು ನನ್ನ ಹಿಂದೆ ಬಂದಳು. ನಾನು ಡಿಕ್ಕಿ ತೆರೆದೆ. ಜಮಖಾನೆಯ ಸುರುಳಿ ಅಡ್ಡಲಾಗಿ ಮಲಗಿತ್ತು. ತುದಿಯಲ್ಲಿ ಮಂಕಿ ಟೋಪಿ ಇಣುಕುತ್ತಿತ್ತು.

ಅವಳು ನೋಡಿದಳು. ಗಂಟುಗಳನ್ನು ಕೈಯಲ್ಲಿ ಹಿಡಿದೇ ನಿಂತಳು. "ಅಣ್ಣಗ ನೀವ ಹೇಳಿದ್ರಿ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ.

"ಕಾಳಜಿ ಆಗಿ ಹೇಳಿದೆ."

ಇನ್ನು ತಡೆಯಲಾಗದೆ ನಾನೇ ಕೇಳಿಬಿಟ್ಟೆ. "ನಾನೂ ಬರ್ಲೇನು? ಕಾರ್ ರೈತರ ಮನೀತನ ಹೋಗತೈತಿ. ದೂರನ ಇರತೇನಿ. ಟೆಂಟ್ ಹಾಕಿ ಕೊಡತೇನಿ, ಒಲಿ ಹಚ್ಚತೇನಿ. ನೀವು ದಣದ ಬಂದಿರ್ತೀರಿ, ಚಾ ನಾನ ಮಾಡತೇನಿ."

"ಮಾಡತೀರಿ," ಎಂದಳು. "ನನಗ ಗೊತ್ತೈತ್ರಿ. ಎಲ್ಲಾ ಛಲೋನ ಮಾಡತೀರಿ. ಆಮ್ಯಾಲ ಟೆಂಟ್ ಛಲೋ ಆಗೇತ್ರಿ, ಚಾ ಛಲೋ ಆಗೇತ್ರಿ, ನೀವು ಹೇಳಿದ ಗುಡ್ಡ ಭಾಳ ಛಲೋ ಐತ್ರಿ ಅಂತ ನಾ ಅನ್ಕೋಂತ ಕುಂದ್ರಬೇಕು. ಇಪ್ಪತ್ತ ವರ್ಷ ಅಂದೇನ್ರಿ. ಒಂದ ರಾತ್ರಿ ಸುಮ್ಮ ಇರತೇನಿ."

ಹೀಗೆಂದು ಬಗ್ಗಿ ಗಂಟುಗಳನ್ನು ಒಳಗಿಟ್ಟಳು. ಕಾಯಿ ಉರುಳಿದವು. ಅವಳು ಹಗ್ಗ ಬಿಚ್ಚಿ, ನನ್ನ ಚಾದರವನ್ನು ಎಳೆದು ಕಾಯಿಗಳ ಸುತ್ತ ಒತ್ತಾಗಿ ತುರುಕಿದಳು, ತಲೆದಿಂಬನ್ನು ಇನ್ನೊಂದು ಕಡೆ ಕೊಟ್ಟಳು. ಉಳಿದೆರಡು ಗಂಟುಗಳನ್ನೂ ತಂದು ಅದರ ಮೇಲಿಟ್ಟಳು. ಹೊಲಿಗೆಯವಳ ಕೈ, ಎಲ್ಲೂ ಸಂದು ಬಿಡಲಿಲ್ಲ. ಆಮೇಲೆ ನನ್ನ ಅಂಗಿಯ ತೋಳಿಗೆ ಅಂಟಿದ್ದ ಕುಂಕುಮವನ್ನು ಬೆರಳಿನಿಂದ ಒರೆಸಿ, ಹೆಲ್ಮೆಟ್ಟು ಹಾಕಿಕೊಂಡಳು.

ನಾಲ್ವರೂ ಜಾಂಬೋಟಿಯ ದಾರಿ ಹಿಡಿದರು. ಅವಳು ಎರಡನೆಯವಳಾಗಿದ್ದಳು. ಸ್ವಲ್ಪ ದೂರ ಹೋಗಿ ಡಾಕ್ಟರನ್ನೂ ಹಿಂದೆ ಹಾಕಿದಳು. ನನಗೆ ಹೊಟ್ಟೆ ಉರಿಯಿತು, ಅದಕ್ಕೆ ಈಗ ಬೇರೆ ಹೆಸರಿಡಲು ಬಾಯಿ ಬರಲಿಲ್ಲ. ಅಷ್ಟು ವರ್ಷ ನಾನು ಬಾಯಿತುಂಬ ಹೊಗಳಿದ ಆ ಬಯಲಿನಲ್ಲಿ ಅವಳು ಇಂದು ಸಂಜೆ ಕೂತುಕೊಳ್ಳುತ್ತಾಳೆ, ನನ್ನ ಮಾತಿಲ್ಲದೆ. ಅದು ಹೇಗಿರುತ್ತದೆಂದು ನನಗೆ ಎಂದೂ ಗೊತ್ತಾಗುವುದಿಲ್ಲ, ಯಾಕೆಂದರೆ ನಾನು ಕೇಳಿದರೆ ಅವಳು ಛಲೋ ಇತ್ರಿ ಎನ್ನುತ್ತಾಳೆ.

ಅವಳ ಅಣ್ಣ ಹಿಂದಿನಿಂದ ಬಂದು ನನ್ನ ಬಾಜು ನಿಂತರು. ಟಾವೆಲ್ ಇನ್ನೂ ಹೆಗಲ ಮೇಲಿತ್ತು.

"ಬರ್ರಿ ದಾಜಿ, ಊಟಕ್ಕ ಕುಂದರ್ರಿ," ಎಂದರು. ಆಮೇಲೆ ಡಿಕ್ಕಿಯ ಒಳಗೆ ಒಮ್ಮೆ ನೋಡಿ, "ಭಾಳ ಹೊತ್ತ ಮಾತಾಡಿದ್ಲಲ್ರಿ. ಏನಂದ್ಲು?"

ನಾನು ಡಿಕ್ಕಿ ಮುಚ್ಚಿದೆ.

"ಕಾಯಿ ಹುಷಾರಿಲೆ ಒಯ್ರಿ ಅಂದ್ಲು," ಎಂದೆ.